ಓದುಗರ ಪ್ರಶ್ನೆ, ನಮ್ಮ ಉತ್ತರ: ರಿಸಾಲರ ವಿದಾಯ ಕವಿತೆಯನ್ನು ಹಾಡುವ ಬಗೆ

ಪ್ರಶ್ನೆ: ಫಿಲಿಪ್ಪೀನ್ಸಿನ ಹುತಾತ್ಮ ಹೊಸೆ ರಿಸಾಲ್ ಸೆರೆಮನೆಯಲ್ಲಿ ಬರೆದ ವಿದಾಯ ಕವಿತೆಯ ಕನ್ನಡ ರೂಪವನ್ನು ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಮಕ್ಕಳಿಂದ ಹಾಡಿಸಬೇಕೆಂದಿದ್ದೇನೆ. ಫಿಲಿಪ್ಪೀನ್ಸಿನ ಗಾಯಕವೃಂದವೊಂದರ ಧ್ವನಿಮುದ್ರಣವನ್ನು ಕೇಳಿದ್ದೇನೆ. ಆ ಧಾಟಿ ಕವಿಯದೇ? ಅದನ್ನೇ ಬಳಸಬಹುದೇ? ಕವಿತೆಯನ್ನು ಪೂರ್ತಿ ಹಾಡಲೇಬೇಕೇ? ಹಸ್ತಪ್ರತಿಯನ್ನು ದೀಪದೊಳಗೆ ಬಚ್ಚಿಟ್ಟಿದ್ದರೆಂಬುದು ನಿಜವೇ? ಹೊರದೇಶದ ಕವಿತೆ ಆ ಸ್ಥಳಕ್ಕೆ ಹೊಂದುವುದಿಲ್ಲವೆಂದು ನಮ್ಮ ಸಮಿತಿಯ ಹಿರಿಯರೊಬ್ಬರು ಹೇಳುತ್ತಿದ್ದಾರೆ.
– ಸಂಗೀತ ಶಿಕ್ಷಕಿ, ಗೌರಿಬಿದನೂರು

ಉತ್ತರ: ಧಾಟಿ ರಿಸಾಲರದಲ್ಲ. ವೃತ್ತಿಯಿಂದ ಕಣ್ಣಿನ ವೈದ್ಯರಾಗಿದ್ದ ಅವರು ಸ್ಪ್ಯಾನಿಷ್ ಭಾಷೆಯಲ್ಲಿ ಬರೆದಿಟ್ಟದ್ದು ಪದ್ಯವನ್ನು ಮಾತ್ರ. ಅದಕ್ಕೆ ಸ್ವರ ಹಾಕಿದವರು ಆಮೇಲೆ ಬಂದ ಹಲವು ಸಂಗೀತಗಾರರು. ಹೀಗಾಗಿ ಇದೇ ಅಧಿಕೃತ ಧಾಟಿಯೆಂದು ಯಾವುದನ್ನೂ ಹೇಳುವಂತಿಲ್ಲ. ಅದೇ ದೇಶದ ರಾಷ್ಟ್ರಗೀತೆಯ ಕಥೆ ಇದಕ್ಕೆ ತಿರುವುಮುರುವು: ಹುಲಿಯಾನ್ ಫೆಲಿಪೆ ರಚಿಸಿದ ಸಂಗೀತವನ್ನು 1898ರ ಜೂನ್ 12ರಂದು ನುಡಿಸಲಾಯಿತು, ಹೊಸೆ ಪಾಲ್ಮಾ ಅದಕ್ಕೆ ಸಾಹಿತ್ಯ ಬರೆದದ್ದು ಮರುವರ್ಷ.

ಬಚ್ಚಿಟ್ಟದ್ದು ನಿಜ, ಆದರೆ ದೀಪದಲ್ಲಲ್ಲ. ಮನಿಲಾದ ಸ್ಯಾಂಟಿಯಾಗೊ ಕೋಟೆಯ ಸೆರೆಯಲ್ಲಿದ್ದ ರಿಸಾಲರನ್ನು ಕಾಣಲು 1896ರ ಡಿಸೆಂಬರ್ 29ರಂದು ಮನೆಯವರು ಬಂದಾಗ, ಸ್ಪಿರಿಟ್‌ನಿಂದ ಉರಿಯುವ ಪುಟ್ಟ ಒಲೆಯೊಂದು ತಂಗಿ ತ್ರಿನಿದಾದ್‌ಗೆ ಸಲ್ಲುವಂತೆ ಮಾಡಿ, ಒಳಗೆ ಏನೋ ಇದೆಯೆಂದು ಕಾವಲಿನವರಿಗೆ ಅರ್ಥವಾಗದ ಇಂಗ್ಲಿಷಿನಲ್ಲಿ ಆಕೆಗೆ ಪಿಸುಗುಟ್ಟಿದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಮಡಿಸಿಟ್ಟ ಆ ಚಿಕ್ಕ ಕಾಗದದ ಮೇಲೆ ಶೀರ್ಷಿಕೆಯಿರಲಿಲ್ಲ, ಸಹಿಯೂ ಇರಲಿಲ್ಲ. ಇಂದು ಪ್ರಚಲಿತವಾಗಿರುವ ಶೀರ್ಷಿಕೆ ಪ್ರಕಟಿಸಿದವರು ಕೊಟ್ಟದ್ದು. ಮರುದಿನ ಬೆಳಿಗ್ಗೆ ಬಾಗುಂಬಾಯನ್ ಬಯಲಿನಲ್ಲಿ ರಿಸಾಲರನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರಿಗೆ 35 ವರ್ಷ.

ಇನ್ನು ಹಾಡುವ ವಿಚಾರ. ಮೂಲದಲ್ಲಿ 14 ಪದ್ಯಗಳಿವೆ, ಪ್ರತಿಯೊಂದರಲ್ಲೂ ಐದು ಸಾಲು. ವಿಳಂಬದಲ್ಲಿ ಎಲ್ಲವನ್ನೂ ಹಾಡಿಸಿದರೆ ಮಕ್ಕಳೂ ಬಳಲುತ್ತಾರೆ, ಕೇಳುವವರೂ ಬಳಲುತ್ತಾರೆ. ನನ್ನ ಆಯ್ಕೆ 1, 9, 10, 11, 12 ಮತ್ತು 14ನೆಯ ಪದ್ಯಗಳು. ನತದೃಷ್ಟರಾಗಿ ಸತ್ತವರಿಗಾಗಿ, ತಾಯಂದಿರಿಗಾಗಿ, ಅನಾಥರು, ವಿಧವೆಯರು ಮತ್ತು ಚಿತ್ರಹಿಂಸೆಗೊಳಗಾದ ಸೆರೆಯಾಳುಗಳಿಗಾಗಿ ಪ್ರಾರ್ಥಿಸೆಂದು ಕವಿ ತಾಯ್ನಾಡನ್ನು ಕೇಳಿಕೊಳ್ಳುವ 9ನೆಯ ಪದ್ಯವನ್ನು, 1938ರಲ್ಲಿ ಧ್ವಜ ಸತ್ಯಾಗ್ರಹಕ್ಕೆ ಬಂದ ಜನರ ಮೇಲೆ ಗುಂಡು ಹಾರಿದ ವಿದುರಾಶ್ವತ್ಥದ ನೆಲದಲ್ಲಿ ಬಿಡುವಂತೆಯೇ ಇಲ್ಲ. 10ನೆಯದರಲ್ಲಿ ಕವಿ ಸ್ಮಶಾನದ ಇರುಳಿನಲ್ಲಿ ತಂತಿವಾದ್ಯದ ನಾದ ಕೇಳಿಬಂದರೆ ಅದು ನಿನಗಾಗಿ ಹಾಡುತ್ತಿರುವ ನಾನೇ ಎನ್ನುತ್ತಾನೆ; 11ನೆಯದರಲ್ಲಿ ಎಲ್ಲರೂ ಮರೆತ ತನ್ನ ಸಮಾಧಿಯ ಮೇಲೆ ನೇಗಿಲು ಹಾಯಲಿ ಎನ್ನುತ್ತಾನೆ; 12ನೆಯದರಲ್ಲಿ ನನ್ನನ್ನು ಮರೆತರೂ ಚಿಂತೆಯಿಲ್ಲ, ನಿನ್ನ ಕಿವಿಗೆ ಮಿಡಿಯುವ ಶುದ್ಧ ಸ್ವರವಾಗಿರುತ್ತೇನೆ ಎನ್ನುತ್ತಾನೆ. ಸಂಗೀತಕ್ಕೆ ಕವಿಯೇ ಇಷ್ಟೊಂದು ಎಡೆ ಮಾಡಿಕೊಟ್ಟಿರುವಾಗ ಆ ಮೂರು ಪದ್ಯಗಳನ್ನು ಬಿಟ್ಟು ಬರೀ ಮೊದಲ ನಾಲ್ಕನ್ನು ಹಾಡಿ ಮುಗಿಸುವುದು ನನಗೆ ಸರಿತೋರದು.

ಇಡೀ ಕವಿತೆಯನ್ನು ಶೋಕದಲ್ಲಿ ಅದ್ದಿ ತೆಗೆಯಬೇಡಿ. ಶಿವರಂಜಿನಿ ರಾಗದತ್ತ ಕೈ ತಾನಾಗಿ ಹೋಗುತ್ತದೆ, ಬಲ್ಲೆ. ಆದರೆ ಈ ಕವಿ ಅಳುತ್ತಿಲ್ಲ, ಬಲು ಸಮಾಧಾನದಿಂದ ಅಪ್ಪಣೆ ಪಡೆಯುತ್ತಿದ್ದಾನೆ. ಫಿಲಿಪ್ಪೀನ್ಸಿನಲ್ಲಿ ಕುಂದಿಮಾನ್ ಎಂಬ ಗೀತಪ್ರಕಾರವಿದೆ: ಮೂರು ಎಣಿಕೆಯ ನಿಧಾನ ನಡೆ, ಸಾಮಾನ್ಯವಾಗಿ ಪೂರ್ವಾರ್ಧ ನಮ್ಮ ನಠಭೈರವಿ ಅಥವಾ ಕೀರವಾಣಿಯನ್ನು ಹೋಲುವ ಸ್ವರಗಳಲ್ಲಿ, ಉತ್ತರಾರ್ಧ ಶಂಕರಾಭರಣದ ಸ್ವರಗಳಲ್ಲಿ. ಆ ಹೊರಳನ್ನು ನೀವು 12ನೆಯ ಪದ್ಯಕ್ಕೆ ಇಟ್ಟುಕೊಳ್ಳಬಹುದು. 1 ಮತ್ತು 9ನೆಯ ಪದ್ಯಗಳನ್ನು ಗಮಕಿಗಳು ವಾಚಿಸುವಂತೆ ತಾಳವಿಲ್ಲದೆ ಒಬ್ಬರೇ ಹಾಡಲಿ. 10ನೆಯದಕ್ಕೆ ನಿಮ್ಮ ಕಡೆಯ ತತ್ವಪದಕಾರರ ಏಕತಾರಿ ಜೊತೆಗೂಡಲಿ, ಅಲ್ಲಿಂದ ಮುಂದೆ ವೃಂದಗಾನ. ಐದು ಸಾಲಿನ ಪದ್ಯ ನಮ್ಮ ಧಾಟಿಗಳಲ್ಲಿ ಕುಂಟುತ್ತದೆಂದು ಅಭ್ಯಾಸದಲ್ಲಿ ನಿಮಗೆ ಅನಿಸೀತು. ಐದನೆಯ ಸಾಲನ್ನು ಎರಡು ಸಲ ಹಾಡಿಸಿದರೆ ಮೂರು ಮತ್ತು ಮೂರು ಸಾಲುಗಳಾಗಿ ಷಟ್ಪದಿಗೆ ಪಳಗಿದ ಕಿವಿಗೆ ಸರಿಯಾಗಿ ಕೂರುತ್ತದೆ.

ಸಮಿತಿಯ ಹಿರಿಯರ ಆಕ್ಷೇಪಕ್ಕೆ ಇಷ್ಟು ಹೇಳಿ: ಈ ಕವಿತೆಯನ್ನು 1944ರಲ್ಲಿ, ತಮ್ಮ ದೇಶ ಇನ್ನೂ ಸ್ವತಂತ್ರವಾಗಿಲ್ಲದಿದ್ದಾಗ, ಇಂಡೊನೇಷ್ಯಾದ ಪತ್ರಕರ್ತ ರೊಸಿಹಾನ್ ಅನ್ವರ್ ಅಲ್ಲಿಯ ಭಾಷೆಗೆ ತಂದರು. ಅದು ಅಲ್ಲಿಗೆ ಹೊಂದಿಕೊಂಡಿದ್ದರೆ ವಿದುರಾಶ್ವತ್ಥಕ್ಕೂ ಹೊಂದಿಕೊಳ್ಳುತ್ತದೆ. ಆದರೆ ಮೊದಲು ಹುತಾತ್ಮರಾದ ನಮ್ಮವರ ಹೆಸರುಗಳನ್ನು ಓದಿ, ಅನಂತರ ಇದನ್ನು ಹಾಡಿಸಿ. ಆ ಕ್ರಮ ತಪ್ಪಿದರೆ ಹಿರಿಯರ ಮಾತಿನಲ್ಲೂ ಹುರುಳಿದೆ.

ಹಕ್ಕಿನ ಪ್ರಶ್ನೆಯೊಂದು ಉಳಿಯಿತು. ನಮ್ಮ ಕಾನೂನಿನಂತೆ ಕೃತಿಸ್ವಾಮ್ಯವಿರುವುದು ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಆದ್ದರಿಂದ ಮೂಲ ಕವಿತೆಗೆ ಯಾರ ಅನುಮತಿಯೂ ಬೇಕಿಲ್ಲ. ನೀವು ಕೇಳಿದ ಸಂಗೀತದ ಹಕ್ಕು ಅದರ ಸಂಯೋಜಕರ ಬಳಿ ಇನ್ನೂ ಇರಬಹುದು, ಹಾಗಾಗಿ ಸ್ವಂತ ಧಾಟಿಯೇ ಕ್ಷೇಮ. ಕನ್ನಡಕ್ಕೆ ತಂದವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ, ಮತ್ತು ಹಾಡಿಗೆ ಮೊದಲು ನಿರೂಪಕರು ಅವರ ಹೆಸರನ್ನು ರಿಸಾಲರ ಹೆಸರಿನ ಜೊತೆಯಲ್ಲೇ ಹೇಳಲಿ.