4 ಜಿಬಿ ರ‍್ಯಾಮ್ ಇದ್ದರೂ ನನ್ನ ಹಳೆಯ ಡೆಸ್ಕ್‌ಟಾಪ್ ಒಮ್ಮೆ 3.25, ಒಮ್ಮೆ 2 ಜಿಬಿ ಅಂತ ತೋರಿಸುತ್ತದೆ. ರ‍್ಯಾಮ್ ಹಾಳಾಗಿದೆಯಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಿಂಡೋಸ್ 7 ಇರುವ ಹಳೆಯ ಡೆಸ್ಕ್‌ಟಾಪ್, ಅದೂ 32 ಬಿಟ್. 2 ಜಿಬಿಯ ಎರಡು ರ‍್ಯಾಮ್ ಸ್ಟಿಕ್ (ಸ್ಲಾಟ್‌ಗೆ ಸಿಕ್ಕಿಸುವ ಉದ್ದನೆಯ ಪಟ್ಟಿ). ಮೊದಲಿನಿಂದಲೂ 4 ಜಿಬಿ ಪಕ್ಕದಲ್ಲಿ '3.25 ಜಿಬಿ ಬಳಸಬಹುದು' ಅಂತ ಬರುತ್ತಿತ್ತು. ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆದ ಮೇಲೆ ಕೆಲವು ದಿನ ಬರೀ 2 ಜಿಬಿ ಅಂತ ಬರುತ್ತಿದೆ. ಹೊಸ ರ‍್ಯಾಮ್ ತರಬೇಕಾ ಅಂತ ಕೇಳಿದ್ದೀರಿ.

ಈಗಲೇ ತರಬೇಡಿ. ಇಲ್ಲಿ ಸಂಬಂಧವೇ ಇಲ್ಲದ ಎರಡು ವಿಷಯ ಒಟ್ಟಿಗೆ ಸೇರಿಕೊಂಡಿವೆ. 3.25 ಅಂತ ಬರುವುದು ತೊಂದರೆಯೇ ಅಲ್ಲ. 2 ಅಂತ ಬರುವುದು ತೊಂದರೆ, ಆದರೆ ಹೆಚ್ಚಿನ ಸಲ ಕೈಯಲ್ಲೇ ಸರಿಮಾಡಬಹುದಾದ ತೊಂದರೆ.

ಮೊದಲು ಒಂದು ಕೆಲಸ ಮಾಡಿ. ಸಂಖ್ಯೆಯನ್ನು ಒಂದೇ ಕಡೆ ನೋಡಿ ತೀರ್ಮಾನಕ್ಕೆ ಬರಬೇಡಿ, ಎರಡು ಕಡೆ ನೋಡಿ. ಕಂಪ್ಯೂಟರ್ ಆನ್ ಆದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತಿ ಬಯೋಸ್ (ವಿಂಡೋಸ್‌ಗೂ ಮುಂಚೆ ಓಡುವ, ಮದರ್‌ಬೋರ್ಡ್‌ನದೇ ಪುಟ್ಟ ಪ್ರೋಗ್ರಾಂ) ಒಳಗೆ ಹೋಗಿ, ಅಲ್ಲಿ ಎಷ್ಟಿದೆ ಬರೆದುಕೊಳ್ಳಿ. ಆಮೇಲೆ ವಿಂಡೋಸ್‌ನಲ್ಲಿ 'ಕಂಪ್ಯೂಟರ್' ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಅಲ್ಲಿ ಎರಡು ಸಂಖ್ಯೆ ಇರುತ್ತವೆ: ಹಾಕಿರುವುದು ಎಷ್ಟು, ಬಳಸಲು ಸಿಗುವುದು ಎಷ್ಟು. ಬಯೋಸ್‌ನಲ್ಲೇ 2 ಇದ್ದರೆ ವಿಂಡೋಸ್‌ನದೇನೂ ತಪ್ಪಿಲ್ಲ, ಕ್ಯಾಬಿನೆಟ್ ಒಳಗೆ ಹುಡುಕಬೇಕು. ಬಯೋಸ್‌ನಲ್ಲಿ 4 ಇದ್ದು ವಿಂಡೋಸ್‌ನಲ್ಲಿ ಕಡಿಮೆ ಇದ್ದರೆ ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ ಸೆಟ್ಟಿಂಗ್ ನೋಡಬೇಕು. ಕೆಲವು ಬಯೋಸ್‌ಗಳು ಲೆಕ್ಕವನ್ನು ಕೆಬಿಯಲ್ಲಿ ಕೊಡುತ್ತವೆ. 4194304 ಅಂತ ಕಂಡರೆ ಗಾಬರಿಯಾಗಬೇಡಿ, 1024ರಿಂದ ಎರಡು ಸಲ ಭಾಗಿಸಿದರೆ ಸರಿಯಾಗಿ 4 ಬರುತ್ತದೆ.

ಈಗ 3.25ರ ವಿಷಯ. 32 ಬಿಟ್ ವಿಂಡೋಸ್‌ಗೆ ಒಟ್ಟು 4 ಜಿಬಿಯಷ್ಟು ವಿಳಾಸ ಮಾತ್ರ ಲೆಕ್ಕಕ್ಕೆ ಬರುತ್ತದೆ. ಒಂದು ಬೀದಿಯಲ್ಲಿ ಇಷ್ಟೇ ಮನೆ ನಂಬರ್ ಅಂತ ಗೊತ್ತುಮಾಡಿದ ಹಾಗೆ. ಆ ನಂಬರ್‌ಗಳೆಲ್ಲ ರ‍್ಯಾಮ್‌ಗೇ ಸಿಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್ ಮೇಲಿನ ಬೇರೆ ಸಾಧನಗಳು, ಬಯೋಸ್ ಚಿಪ್, ಎಲ್ಲಕ್ಕೂ ಅದೇ ಬೀದಿಯಲ್ಲಿ ಮೇಲಿನ ತುದಿಯ ನಂಬರ್ ಬೇಕು. ಅವಕ್ಕೆ ಹೋದಷ್ಟು ರ‍್ಯಾಮ್‌ಗೆ ಕಡಿಮೆ. ನಿಮ್ಮಲ್ಲಿ ಹಾಗೆ ಹೋಗಿರುವುದು ಸುಮಾರು 768 ಎಂಬಿ. ಟಾಸ್ಕ್ ಮ್ಯಾನೇಜರ್‌ನಿಂದ ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ಟ್ಯಾಬ್ ನೋಡಿದರೆ 'ಹಾರ್ಡ್‌ವೇರ್ ರಿಸರ್ವ್ಡ್' ಅಂತ ಬೂದು ಬಣ್ಣದ ಪಟ್ಟಿ ಕಾಣುತ್ತದಲ್ಲ, ಅದೇ ಇದು. ಬೋರ್ಡ್ ಮೇಲೇ ಗ್ರಾಫಿಕ್ಸ್ ಇದ್ದರೆ ಅದೂ ರ‍್ಯಾಮ್‌ನಿಂದಲೇ ಒಂದಷ್ಟು ತೆಗೆದುಕೊಳ್ಳುತ್ತದೆ.

64 ಬಿಟ್ ವಿಂಡೋಸ್ ಹಾಕಿದರೆ ಪೂರ್ತಿ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಉಳಿದ ರ‍್ಯಾಮನ್ನು 4 ಜಿಬಿಯ ಆಚೆಗಿನ ವಿಳಾಸಕ್ಕೆ ಸಾಗಿಸಲು ಮದರ್‌ಬೋರ್ಡ್‌ಗೂ ಬರಬೇಕು. ಬಯೋಸ್‌ನಲ್ಲಿ ಇದು 'ಮೆಮೊರಿ ರೀಮ್ಯಾಪ್' ಎಂಬಂಥ ಹೆಸರಿನಲ್ಲಿ ಇರುತ್ತದೆ. ಇಂಟೆಲ್ 945 ಚಿಪ್‌ಸೆಟ್‌ನ (ಪ್ರೊಸೆಸರ್, ರ‍್ಯಾಮ್, ಉಳಿದ ಭಾಗಗಳನ್ನು ಜೋಡಿಸುವ ಮುಖ್ಯ ಚಿಪ್‌ಗಳು) ಬೋರ್ಡ್‌ಗಳಲ್ಲಿ ಆ ಸೌಲಭ್ಯವೇ ಇಲ್ಲ, 64 ಬಿಟ್ ಹಾಕಿದರೂ 3 ಚಿಲ್ಲರೆಯಲ್ಲೇ ನಿಲ್ಲುತ್ತದೆ. ಇನ್ನೊಂದು ಮಾತು. 64 ಬಿಟ್ ವಿಂಡೋಸ್ 7 ತಾನೇ ಜಾಸ್ತಿ ಮೆಮೊರಿ ತಿನ್ನುತ್ತದೆ. ಕನಿಷ್ಠ ಬೇಕಾದ ರ‍್ಯಾಮ್ 32 ಬಿಟ್‌ಗೆ 1 ಜಿಬಿ, 64 ಬಿಟ್‌ಗೆ 2 ಜಿಬಿ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಆ 768 ಎಂಬಿಗೋಸ್ಕರ ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವ ಕಷ್ಟ ನಿಮಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಇನ್ನು 2 ಜಿಬಿ. ನನಗೂ ಹೀಗೇ ಆಗಿತ್ತು. ಒಂದು ದಿನ 4, ಮಾರನೇ ದಿನ 2, ಮತ್ತೆ 4. ವೈರಸ್ ಇರಬಹುದು ಅಂದುಕೊಂಡು ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ. ಬಯೋಸ್ ಒಮ್ಮೆ ನೋಡಿದ್ದರೆ ಆ ಎರಡು ಭಾನುವಾರ ಉಳಿಯುತ್ತಿದ್ದವು. ಕೊನೆಗೆ ಟಾರ್ಚ್ ಹಿಡಿದು ಬಗ್ಗಿ ಸ್ಲಾಟನ್ನು ಪಕ್ಕದಿಂದ ನೋಡಿದಾಗ ಗೊತ್ತಾಯಿತು. ಸ್ಟಿಕ್‌ನ ಎಡ ತುದಿಯಲ್ಲಿ ಬಿಳಿ ಕ್ಲಿಪ್ ಪೂರ್ತಿ ಮುಚ್ಚಿಕೊಂಡಿತ್ತು. ಬಲ ತುದಿಯ ಕ್ಲಿಪ್ ಮುಚ್ಚಿದ ಹಾಗೆ ಕಾಣುತ್ತಿತ್ತು, ಆದರೆ ಸ್ಟಿಕ್‌ನ ಬದಿಯ ಗುಂಡಿಯೊಳಗೆ ಕೂತಿರಲಿಲ್ಲ. ಆ ಕಡೆ ಚಿನ್ನದ ಬಣ್ಣದ ಪಟ್ಟಿಗಳು ಕೂದಲೆಳೆಯಷ್ಟು ಹೊರಗೆ ಕಾಣುತ್ತಿದ್ದವು, ಅಷ್ಟೇ. ಧೂಳು ತೆಗೆಯುವಾಗ ಕೈ ತಾಗಿದರೆ ಇಷ್ಟು ಆಗೋದು ಸಹಜ. ನಿಮ್ಮಲ್ಲೂ ಇದೇ ಆಗಿರುವ ಸಾಧ್ಯತೆ ಜಾಸ್ತಿ, ಯಾಕಂದರೆ ತೊಂದರೆ ಶುರುವಾದದ್ದೇ ಆ ದಿನ.

ಹೀಗೆ ಮಾಡಿ. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗುತ್ತದೆ. ಕ್ಯಾಬಿನೆಟ್‌ನ ಬಣ್ಣ ಹಚ್ಚದ ಲೋಹದ ಭಾಗ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಇಳಿಯಲಿ. ಎರಡೂ ಕ್ಲಿಪ್ ಹೊರಗೆ ತಳ್ಳಿ ಸ್ಟಿಕ್ ತೆಗೆಯಿರಿ. ಅಂಚು ಮಾತ್ರ ಹಿಡಿಯಿರಿ. ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರ್ ತೆಗೆದುಕೊಂಡು ಚಿನ್ನದ ಪಟ್ಟಿಗಳ ಮೇಲೆ ಹಗುರವಾಗಿ, ಮೇಲಿನಿಂದ ಕೆಳಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಮಸುಕಾದ ಪಟ್ಟಿ ಹೊಳಪಾಗುವುದು ಕಣ್ಣಿಗೇ ಕಾಣುತ್ತದೆ, ರಬ್ಬರ್ ಕಪ್ಪಾಗುತ್ತದೆ. ರಬ್ಬರ್ ಪುಡಿ ಸ್ಲಾಟ್‌ಗೆ ಬೀಳದ ಹಾಗೆ ಈ ಕೆಲಸವನ್ನು ದೂರ ಕೂತು ಮಾಡಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಉಪ್ಪುಕಾಗದ ಮಾತ್ರ ಬೇಡ. ಮೇಲಿನ ಲೇಪ ತುಂಬಾ ತೆಳು, ಒಮ್ಮೆ ಹೋದರೆ ಹೋಯಿತು. ವಾಪಸ್ ಹಾಕುವಾಗ ಎರಡು ಹೆಬ್ಬೆರಳಿಂದ ಎರಡೂ ತುದಿಯನ್ನು ಸಮನಾಗಿ ಒತ್ತಿ. 'ಟಕ್' ಅನ್ನುವ ಶಬ್ದ ಎರಡು ಸಲ ಕೇಳಬೇಕು.

ಅಷ್ಟಾದರೂ 2 ಜಿಬಿ ಅಂತಲೇ ಬಂದರೆ ಸ್ಟಿಕ್‌ಗಳಿಗೆ ಅ, ಆ ಅಂತ ಚೀಟಿ ಅಂಟಿಸಿ. ಒಂದು ಸಲಕ್ಕೆ ಒಂದೇ ಸ್ಟಿಕ್, ಒಂದೇ ಸ್ಲಾಟ್. ಒಟ್ಟು ನಾಲ್ಕು ಪ್ರಯೋಗ ಆಗುತ್ತದೆ. 'ಅ' ಎರಡೂ ಸ್ಲಾಟ್‌ನಲ್ಲಿ ಕೆಲಸ ಮಾಡದಿದ್ದರೆ ಸ್ಟಿಕ್ ಹೋಗಿದೆ. ಎರಡನೇ ಸ್ಲಾಟ್‌ನಲ್ಲಿ ಯಾವ ಸ್ಟಿಕ್ ಹಾಕಿದರೂ ಆಗದಿದ್ದರೆ ಸ್ಲಾಟ್‌ನದೇ ತಪ್ಪು. ಕೆಲವು ಬೋರ್ಡ್‌ಗಳಲ್ಲಿ ಮೊದಲ ಸ್ಲಾಟ್ ಖಾಲಿ ಇದ್ದರೆ ಕಂಪ್ಯೂಟರ್ ಶುರುವಾಗುವುದೇ ಇಲ್ಲ, ಬರೀ ಬೀಪ್ ಹೊಡೆಯುತ್ತದೆ. ಅದನ್ನು ಕಂಡು ಸ್ಲಾಟ್ ಕೆಟ್ಟಿದೆ ಅನ್ನಬೇಡಿ, ಬೋರ್ಡ್‌ನ ಮ್ಯಾನುಯಲ್ ನೋಡಿ. ಪ್ರೊಸೆಸರ್ ಒಳಗೇ ಮೆಮೊರಿ ಕಂಟ್ರೋಲರ್ (ರ‍್ಯಾಮ್ ಜೊತೆ ಮಾತಾಡುವ ಭಾಗ) ಇರುವ ಮಾದರಿಯಾದರೆ ಪ್ರೊಸೆಸರ್ ಕೂರುವ ಸಾಕೆಟ್‌ನ ಒಂದು ಪಿನ್ ಬಾಗಿದ್ದರೂ ಸ್ಲಾಟ್ ಸತ್ತಂತೆ ಕಾಣುತ್ತದೆ.

4 ಬಂದ ಮೇಲೂ ಒಂದು ರಾತ್ರಿ ಮೆಮ್‌ಟೆಸ್ಟ್86+ ಓಡಿಸಿ. ಉಚಿತವಾಗಿ ಸಿಗುತ್ತದೆ, ಪೆನ್ ಡ್ರೈವ್‌ನಿಂದ ಬೂಟ್ ಆಗುತ್ತದೆ. ಅದು ಮೆಮೊರಿಯಲ್ಲಿ ಬೇರೆ ಬೇರೆ ಮಾದರಿಯ ಅಂಕಿ ಬರೆದು, ವಾಪಸ್ ಓದಿ, ಹೋಲಿಸಿ ನೋಡುತ್ತದೆ. ಕೆಂಪು ಸಾಲು ಒಂದೇ ಒಂದು ಬಂದರೂ ಆ ಸ್ಟಿಕ್ ನಂಬಬೇಡಿ. ಗಾತ್ರ ಸರಿಯಾಗಿ ತೋರಿಸುವ ಸ್ಟಿಕ್ ಒಳಗೊಳಗೇ ತಪ್ಪು ಓದುತ್ತಿರಬಹುದು. ಸ್ಟಿಕ್ ಮೇಲಿನ ಒಂದು ಪುಟ್ಟ ಚಿಪ್‌ನಲ್ಲಿ ಅದರ ಗಾತ್ರ, ವೇಗ ಬರೆದಿರುತ್ತದೆ. ಬಯೋಸ್ ಗಾತ್ರ ತಿಳಿದುಕೊಳ್ಳುವುದು ಅದನ್ನು ಓದಿಯೇ ಹೊರತು ಇಡೀ ಮೆಮೊರಿಯನ್ನು ಪರೀಕ್ಷೆ ಮಾಡಿ ಅಲ್ಲ.

ಬಯೋಸ್‌ನಲ್ಲಿ ಯಾವಾಗಲೂ 4 ಇದ್ದು ವಿಂಡೋಸ್ ಮಾತ್ರ 2 ಅಂದರೆ ಎಂಎಸ್‌ಕಾನ್ಫಿಗ್ (ವಿಂಡೋಸ್ ಶುರುವಾಗುವ ರೀತಿಯ ಸೆಟ್ಟಿಂಗ್ ಇರುವ ಪ್ರೋಗ್ರಾಂ) ತೆರೆದು, ಬೂಟ್ ಟ್ಯಾಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ 'ಮ್ಯಾಕ್ಸಿಮಮ್ ಮೆಮೊರಿ'ಗೆ ಟಿಕ್ ಇದೆಯಾ ನೋಡಿ. ಇದ್ದರೆ ತೆಗೆದು ರೀಸ್ಟಾರ್ಟ್ ಮಾಡಿ. ಕಂಪ್ಯೂಟರ್ ಫಾಸ್ಟ್ ಆಗುತ್ತೆ ಅಂತ ಯಾರದೋ ಸಲಹೆ ಕೇಳಿ ಸುಮ್ನೆ ಅಲ್ಲಿ ಟಿಕ್ ಹಾಕಿದವರನ್ನು ನಾನು ತುಂಬಾ ನೋಡಿದ್ದೇನೆ. ಅದರಿಂದ ಜಾಸ್ತಿ ಸಿಗುವುದಿಲ್ಲ, ಅದು ಮೇಲ್ಮಿತಿ ಹಾಕುವ ಜಾಗ.

ನಿಮ್ಮದಕ್ಕಿಂತ ಹಳೆಯ ಯಂತ್ರ ಇಟ್ಟುಕೊಂಡು ಇದನ್ನು ಓದುವವರಿಗೆ ಒಂದು ಮಾತು. ಯಾವಾಗಲೂ ಸರಿಯಾಗಿ ಅರ್ಧವೇ ಕಾಣುತ್ತಿದ್ದರೆ ಸ್ಟಿಕ್ ಚೆನ್ನಾಗಿಯೇ ಇರಬಹುದು. ಇಂಟೆಲ್ 440ಬಿಎಕ್ಸ್ ಬೋರ್ಡ್‌ಗೆ ಕಡಿಮೆ ಚಿಪ್‌ಗಳಲ್ಲಿ ತುಂಬಿಸಿದ 256 ಎಂಬಿ ಸ್ಟಿಕ್ ಹಾಕಿದರೆ 128 ಅಂತಲೇ ತೋರಿಸುತ್ತದೆ. ಅಷ್ಟು ದಟ್ಟ ಚಿಪ್ಪನ್ನು ಆ ಚಿಪ್‌ಸೆಟ್‌ಗೆ ಪೂರ್ತಿ ಓದಲು ಬರುವುದಿಲ್ಲ. ಅದೇ 256 ಎಂಬಿ ಹದಿನಾರು ಚಿಪ್‌ಗಳಲ್ಲಿ ಹಂಚಿದ್ದರೆ ಪೂರ್ತಿ ಕಾಣುತ್ತದೆ.

ಮೊದಲು ಕ್ಲಿಪ್ ನೋಡಿ. 2 ಜಿಬಿ ತೋರಿಸಿದ ದಿನ ಬಯೋಸ್‌ನಲ್ಲಿ ಎಷ್ಟಿತ್ತು, ಯಾವ ಸ್ಟಿಕ್ ಯಾವ ಸ್ಲಾಟ್‌ನಲ್ಲಿತ್ತು, ಮದರ್‌ಬೋರ್ಡ್ ಮಾದರಿ ಯಾವುದು, ಇವನ್ನು ಕೆಳಗೆ ಬರೆಯಿರಿ. ಮುಂದೆ ಏನು ಅಂತ ಸೇರಿ ನೋಡೋಣ.