ಕೆಲವು ಜಮೀನಿಗೆ ವಿವರ ಬರುತ್ತೆ, ಕೆಲವಕ್ಕೆ ಇಲ್ಲ: ಕೋಡ್ ಬಿಡಿ, ಟೇಬಲ್ ನೋಡಿ

ಪ್ರಶ್ನೆ: ಆರ್ಕ್‌ಜಿಐಎಸ್ (ನಕ್ಷೆ ಮಾಡುವ ಸಾಫ್ಟ್‌ವೇರ್) ವೆಬ್ ಮ್ಯಾಪ್‌ನಲ್ಲಿ ಜಮೀನಿನ ಮೇಲೆ ಕ್ಲಿಕ್ ಮಾಡಿದರೆ ಬೇರೆ ಟೇಬಲ್‌ನಿಂದ ಬೆಳೆ ವಿವರ ಬರಬೇಕು. ಕೆಲವು ಸರ್ವೆ ನಂಬರಿಗೆ ಬರುತ್ತದೆ, ಉಳಿದವಕ್ಕೆ ‘ಅನ್‌ಡಿಫೈನ್ಡ್’ (ಬೆಲೆಯೇ ಸಿಕ್ಕಿಲ್ಲ) ಎಂದು ನಿಂತುಬಿಡುತ್ತದೆ. ಕೋಡ್ ಮೂರು ಸಲ ಬರೆದೆ.

ಉತ್ತರ: ಎಲ್ಲರೂ ಮೊದಲು ಕೋಡ್‌ಗೇ ಕೈ ಹಾಕುತ್ತೀರಿ. ದಯವಿಟ್ಟು ಬಿಡಿ. ಜಮೀನಿನ ಲೇಯರಿಗೆ ಸರ್ವರ್ ಕೊಡುವ ರೆಸ್ಟ್ ಪುಟದಲ್ಲಿ (ಬ್ರೌಸರ್‌ನಲ್ಲೇ ತೆರೆಯುವ ವೆಬ್ ವಿಳಾಸ) ‘ಕ್ವೆರಿ ರಿಲೇಟೆಡ್ ರೆಕಾರ್ಡ್ಸ್’, ಅಂದರೆ ಜೋಡಿಸಿದ ಟೇಬಲ್‌ನ ಸಾಲು ಕೇಳುವ ಜಾಗ, ತೆರೆಯಿರಿ. ಕೈಕೊಟ್ಟ ಜಮೀನಿನ ಆಬ್ಜೆಕ್ಟ್ ಐಡಿ (ಪ್ರತಿ ಜಮೀನಿಗೆ ಸಾಫ್ಟ್‌ವೇರ್ ಕೊಟ್ಟ ನಂಬರ್), ರಿಲೇಶನ್‌ಶಿಪ್ ಐಡಿ (ನಕ್ಷೆ-ಟೇಬಲ್ ಜೋಡಣೆಯ ನಂಬರ್) ಹಾಕಿ ನೋಡಿ. ಉತ್ತರ ಖಾಲಿ ಬಂತಾ? ಹಾಗಾದರೆ ಆ ಜಮೀನಿಗೆ ಹೊಂದುವ ಸಾಲೇ ಇಲ್ಲ. ಸಾಲಿಲ್ಲದ ಆಬ್ಜೆಕ್ಟ್ ಐಡಿಯನ್ನು ಸರ್ವರ್ ಉತ್ತರದಲ್ಲಿ ಸೇರಿಸುವುದಿಲ್ಲ. ನಿಮ್ಮ ಕೋಡ್ ಅಲ್ಲಿ ಇಲ್ಲದ್ದನ್ನು ಹುಡುಕಿ ಬೀಳುತ್ತದೆ.

ಈಗ ನಕ್ಷೆ, ಟೇಬಲ್ ಎರಡೂ ಕಡೆಯ ಕೀ ಫೀಲ್ಡ್ (ಎರಡನ್ನೂ ಹೊಂದಿಸುವ ಕಾಲಂ, ಇಲ್ಲಿ ಸರ್ವೆ ನಂಬರ್) ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಚೇರಿಯ ಟೇಬಲ್ ತೆರೆದಾಗ ನನಗೆ ಹೊಟ್ಟೆ ಉರಿದಿತ್ತು. ನಕ್ಷೆಯಲ್ಲಿ 12/1 ಇದ್ದದ್ದು ಟೇಬಲ್‌ನಲ್ಲಿ ಜನವರಿ 12 ಆಗಿತ್ತು. ಎಕ್ಸೆಲ್ ಅದನ್ನು ತಾರೀಖು ಅಂದುಕೊಂಡಿತ್ತು. 145/2 ಹಾಗೇ ಉಳಿದಿತ್ತು, ಅಂಥ ತಾರೀಖಿಲ್ಲವಲ್ಲ. ಅದಕ್ಕೇ ಕೆಲವು ಬರುತ್ತವೆ, ಕೆಲವು ಬರಲ್ಲ. ಆಮೇಲೆ ಕಾಲಂ ಅನ್ನು ಟೆಕ್ಸ್ಟ್ ಮಾಡಿದರೂ ಪ್ರಯೋಜನವಿಲ್ಲ: ಎಕ್ಸೆಲ್ ತಾರೀಖನ್ನು ದಿನಗಳ ಎಣಿಕೆಯಾಗಿ ಇಡುವುದರಿಂದ 2026ರಲ್ಲಿ ಟೈಪ್ ಮಾಡಿದ 12/1, 46034 ಆಗಿ ಕೂರುತ್ತದೆ. ಟೈಪ್ ಮಾಡುವ ಮೊದಲೇ ಟೆಕ್ಸ್ಟ್ ಮಾಡಿ. ನಂಬರಿನ ಹಿಂದೆ ಉಳಿದ ಒಂದು ಸ್ಪೇಸ್ ಕೂಡ ಇದೇ ಕಾಟ ಕೊಡುತ್ತದೆ.

ನನಗೆ ಜಾಸ್ತಿ ಭಯ ಇನ್ನೊಂದರದು. 12/1 ಒಂದೇ ಊರಿನಲ್ಲಿಲ್ಲ. ಬರೀ ಸರ್ವೆ ನಂಬರನ್ನು ಕೀ ಮಾಡಿದರೆ ಪಕ್ಕದ ಊರಿನವರ ಬೆಳೆ ಇವರ ಹೊಲದಲ್ಲಿ ಕಾಣುತ್ತದೆ, ಯಾವ ಎರರೂ ಬರುವುದಿಲ್ಲ. ಊರಿನ ಕೋಡ್ ಸೇರಿಸಿಯೇ ಕೀ ಮಾಡಿ.

‘ಟೇಬಲ್ ಅನ್ನು ಎಲ್ಲರಿಗೂ ಶೇರ್ ಮಾಡಿಬಿಡಿ, ಸರಿಹೋಗುತ್ತೆ’ ಎನ್ನುವವರ ಮಾತು ಕೇಳಲೇಬೇಡಿ. ಅದರಲ್ಲಿ ರೈತರ ಹೆಸರು, ಫೋನ್ ನಂಬರ್ ಇರುತ್ತದೆ. ಸುಮ್ನೆ ಒಂದು ಕ್ವೆರಿಗಾಗಿ ಅದನ್ನು ಬೀದಿಗೆ ಇಡುವುದು ತಪ್ಪು.

ಪ್ರಶ್ನೆ: ಸರ್ವರ್‌ನಿಂದ ಸ್ಟೇಟಸ್ 200 (‘ಎಲ್ಲ ಸರಿ’ ಎನ್ನುವ ಕೋಡ್) ಬಂದಿದೆ. ಕ್ವೆರಿ ಸರಿಯಿದೆ ಅಲ್ವಾ?

ಉತ್ತರ: ಇಲ್ಲ. ಆರ್ಕ್‌ಜಿಐಎಸ್ ಸರ್ವರ್ ಎಷ್ಟೋ ಸಲ ತಪ್ಪನ್ನೂ 200ರ ಜೊತೆಗೇ ಕಳಿಸುತ್ತದೆ. ಬಂದ ಉತ್ತರದ ಒಳಗಿನ ‘ಎರರ್’ ಓದಿ.

ಪ್ರಶ್ನೆ: ಬ್ರೌಸರ್ ಕ್ಯಾಶ್ ಅಳಿಸಲೇ?

ಉತ್ತರ: ಟೇಬಲ್‌ನಲ್ಲಿ ಇಲ್ಲದ ಸಾಲು ಅದರಿಂದ ಹುಟ್ಟುವುದಿಲ್ಲ.

ಪ್ರಶ್ನೆ: ಆಬ್ಜೆಕ್ಟ್ ಐಡಿಯನ್ನೇ ಕೀ ಮಾಡಿಕೊಳ್ಳಬಹುದೇ?

ಉತ್ತರ: ಬೇಡ. ಡೇಟಾ ಮತ್ತೆ ಲೋಡ್ ಮಾಡಿದ ದಿನ ಅದು ಬದಲಾಗಬಹುದು.