ಹತ್ತು ಅಂಕಿಯ ಈ ನಂಬರ್ ಪ್ರೈಮಾ?

ಪ್ರಶ್ನೆ: ಸರ್ ನಮಸ್ತೆ, ನಮ್ದು ಸಕಲೇಶಪುರದ ಹತ್ರ ಒಂದು ಹಳ್ಳಿ, ಮಗಳು ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದ್ತಿದಾಳೆ. ಮೊನ್ನೆ ಊರಿಗೆ ಬಂದಾಗ 32 ಎರಡುಗಳನ್ನ ಒಂದಕ್ಕೊಂದು ಗುಣಿಸಿ ಅದಕ್ಕೆ ಒಂದು ಕೂಡಿಸಿದ್ಲು, 4294967297 ಬಂತು. ಇದು ಪ್ರೈಮ್ ನಂಬರ್ರಾ ಅಂತ ಇಬ್ರೂ ಕೂತು ಸಣ್ಣಪುಟ್ಟ ಸಂಖ್ಯೆಗಳಿಂದೆಲ್ಲ ಭಾಗಿಸಿ ನೋಡಿದ್ವಿ, ಯಾವ್ದರಿಂದ್ಲೂ ಹೋಗ್ಲಿಲ್ಲ. ಕೈಲೆಕ್ಕದಲ್ಲಿ ಕಂಡುಹಿಡಿಯೋ ದಾರಿ ಇದ್ಯಾ?
– ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ಪ್ರೈಮ್ ಅಲ್ಲ. 641ರಿಂದ ಭಾಗಿಸಿ ನೋಡಿ, 6700417 ಬರುತ್ತೆ, ಶೇಷ ಏನೂ ಉಳಿಯಲ್ಲ. ಆದ್ರೆ ಇದು ಪ್ರೈಮೇ ಇರ್ಬೇಕು ಅಂತ ಫ್ರಾನ್ಸಿನ ಫರ್ಮಾ ಅಂಥ ಗಣಿತಜ್ಞರೇ 1640ರಲ್ಲಿ ನಂಬಿದ್ರು, ಯಾಕಂದ್ರೆ 2ರ ಘಾತಕ್ಕೆ 1, 2, 4, 8, 16 ಹಾಕಿ ಒಂದೊಂದು ಕೂಡಿಸಿದ್ರೆ 3, 5, 17, 257, 65537 ಬರುತ್ತೆ, ಐದೂ ಪ್ರೈಮೇ. ಆರನೇದೇ ನಿಮ್ಮ ಮಗಳ ನಂಬರ್. 641ಕ್ಕೆ ಇದು ಹೋಗುತ್ತೆ ಅಂತ 1732ರಲ್ಲಿ ಹೇಳಿದೋರು ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್.

ನೀವು ಮಾಡ್ದಂಗೆ ಒಂದೊಂದಾಗಿ ಹೋದ್ರೆ 641 ಮುಟ್ಟೋಷ್ಟರಲ್ಲಿ ನೂರಕ್ಕೂ ಹೆಚ್ಚು ಪ್ರೈಮ್ ದಾಟ್ಬೇಕು. ಆಯ್ಲರ್ ಆಮೇಲೆ ತೋರಿಸಿದ್ದು ಏನಂದ್ರೆ, ಇದನ್ನ ಭಾಗಿಸೋ ಯಾವ ಸಂಖ್ಯೆನೇ ಆಗ್ಲಿ 64ರ ಮಗ್ಗಿಗೆ ಒಂದು ಕೂಡಿಸಿದ ಹಾಗೇ ಇರ್ಬೇಕು. ತೋಟದಲ್ಲಿ ಕತ್ತಿ ಕಳೆದ್ರೆ ಇಡೀ ತೋಟ ಸುತ್ತಲ್ಲ ನೋಡಿ, ಅವತ್ತು ಕೆಲಸ ಮಾಡಿದ ಸಾಲಲ್ಲಷ್ಟೇ ಹುಡುಕ್ತೀವಿ, ಹಾಗೆ. 65, 129, 193, 257 ಅಂತ ಬರೀತಾ ಹೋಗಿ, ಅದ್ರಲ್ಲಿ ಪ್ರೈಮ್ ಅಲ್ಲದ್ದನ್ನ ಬಿಡಿ, ಉಳಿಯೋದು 193, 257, 449, 577, ಆಮೇಲೆ 641. ಐದನೇ ಸಲಕ್ಕೇ ಸಿಕ್ಕೋಯ್ತು! ನನಗಂತೂ ಗಣಿತದಲ್ಲಿ ಇದಕ್ಕಿಂತ ಖುಷಿ ಕೊಡೋ ಲೆಕ್ಕ ಕಮ್ಮಿ.

ಭಾಗಾಕಾರನೇ ಮಾಡದೆ ತೋರಿಸೋಕೂ ಬರುತ್ತೆ, ಮಗಳಿಗೆ ಇದನ್ನ ಖಂಡಿತ ಹೇಳಿ. 5×128 ಅಂದ್ರೆ 640, 641ಕ್ಕೆ ಒಂದು ಕಮ್ಮಿ, ಅಂದ್ರೆ ಶೇಷ −1 ಅಂತ ಇಟ್ಕೊಳ್ಳಿ. ಅದನ್ನ ನಾಲ್ಕು ಸಲ ತಗೊಂಡು ಒಂದಕ್ಕೊಂದು ಗುಣಿಸಿದ್ರೆ ಶೇಷ 1 ಆಗುತ್ತೆ. ನಾಲ್ಕು ಐದುಗಳನ್ನ ಗುಣಿಸಿದ್ರೆ 625, 128 ಅಂದ್ರೆ ಏಳು ಎರಡುಗಳ ಗುಣಲಬ್ಧ, ಹಾಗಾಗಿ ಆ ಗುಣಲಬ್ಧದೊಳಗೆ ಇರೋದು 625 ಮತ್ತೆ 28 ಎರಡುಗಳು. 625 ಅನ್ನೋದು 641ಕ್ಕೆ 16 ಕಮ್ಮಿ, ಹಾಗಾಗಿ ಶೇಷದ ಲೆಕ್ಕದಲ್ಲಿ ಅದರ ಜಾಗಕ್ಕೆ −16 ಹಾಕ್ಬೋದು, 16 ಅಂದ್ರೆ ನಾಲ್ಕು ಎರಡುಗಳು, 28ಕ್ಕೆ 4 ಸೇರಿ 32 ಆಯ್ತಲ್ಲ! ಅಂದ್ರೆ 32 ಎರಡುಗಳ ಗುಣಲಬ್ಧಕ್ಕೆ ಮೈನಸ್ ಹಾಕಿದ್ರೆ ಶೇಷ 1, ಮೈನಸ್ ತೆಗೆದ್ರೆ ಶೇಷ −1, ಅದಕ್ಕೆ ಒಂದು ಕೂಡಿಸಿದ್ರೆ ಸೊನ್ನೆ.

65537 ಆದ್ಮೇಲೆ ಈ ಸಾಲಲ್ಲಿ ಇನ್ನೊಂದು ಪ್ರೈಮ್ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ, ಮುಂದೆ ಇಲ್ಲವೇ ಇಲ್ಲ ಅಂತ ಸಾಬೀತು ಮಾಡಿದೋರೂ ಇಲ್ಲ. ಮಗಳಿಗೆ ಇನ್ನೂ ಹುಮ್ಮಸ್ಸಿದ್ರೆ 64 ಎರಡುಗಳನ್ನ ಗುಣಿಸಿ ಒಂದು ಕೂಡಿಸಿ 274177ರಿಂದ ಭಾಗಿಸ್ಲಿ, ಅದೂ ಶೇಷ ಇಲ್ದೆ ಹೋಗುತ್ತೆ, ಆದ್ರೆ 20 ಅಂಕಿಯ ಸಂಖ್ಯೆ, ಮಾಮೂಲಿ ಕ್ಯಾಲ್ಕುಲೇಟರ್‌ನಲ್ಲಿ ಹಿಡಿಸಲ್ಲ, ಹಾಳೆ ಅಡ್ಡ ಇಟ್ಕೊಂಡು ಕೈಯಲ್ಲೇ ಮಾಡ್ಬೇಕು.